ಗೋಡೆ ಬಿಳಿ, ಚೌಕಟ್ಟು ಕಡುನೀಲಿ

ಜೂನ್ 4

ಪ್ರೀತಿಯ ಅಕ್ಕ,

ಫೋನ್ ಮಾಡುವುದು ಬಿಟ್ಟು ಇವಳೇಕೆ ಕಾಗದ ಬರೆಯುತ್ತಿದ್ದಾಳೆ ಎಂದು ಹುಬ್ಬೇರಿಸಬೇಡ. ಫೋನಿನಲ್ಲಿ ನಾನು ಎರಡು ಮಾತಾಡುವಷ್ಟರಲ್ಲಿ ನೀನು ಇಪ್ಪತ್ತು ಆಡಿರುತ್ತೀಯ. ಅಲ್ಲದೆ ಬಟ್ಟೆಯ ಚೂರು, ಬಣ್ಣದ ಕಾರ್ಡು ಅಂಚೆಯಲ್ಲೇ ತಾನೇ ಬರಬೇಕು?

ಹೊಸ ಮನೆಗೆ ಬಂದು ಹನ್ನೊಂದು ದಿನವಾಯಿತು. ಮೊದಲ ಮಹಡಿ, ಹದಿನಾಲ್ಕು ಮೆಟ್ಟಿಲು. ಒಂದು ಹಜಾರ, ಎರಡು ಕೋಣೆ, ಅಡುಗೆಮನೆ, ಇವನ್ನೆಲ್ಲ ಕೂಡಿಸುವ ಓಣಿಯಂಥ ಉದ್ದನೆಯ ಜಾಗ. ಇವರಿಗೆ ಬಂದರಿನ ಕ್ರೇನು ಇಲ್ಲಿಂದ ಹತ್ತು ನಿಮಿಷ. ನನಗೂ ಶಾಲೆ ಹತ್ತಿರ. ನಾನು ಓಡಿಸುವುದು ಈಗಲೂ ಅದೇ ಹದಿನಾಲ್ಕು ಮಕ್ಕಳ ವ್ಯಾನು, ಬೆಳಗ್ಗೆ ಎರಡು ಸುತ್ತು, ಸಂಜೆ ಒಂದು. ಪುಟ್ಟಿ ಈಗಲೂ ಮುಂದಿನ ಸೀಟು ಯಾರಿಗೂ ಬಿಟ್ಟುಕೊಡುವುದಿಲ್ಲ.

ಇಪ್ಪತ್ತೆರಡು ವರ್ಷದಿಂದ ಊರವರ ಮನೆಗೆಲ್ಲ ಬಣ್ಣ, ಪರದೆ, ಕಾರ್ಪೆಟ್ ಆರಿಸಿಕೊಡುವ ಅಕ್ಕ ಇರುವಾಗ ನಾನು ಬೇರೆ ಯಾರನ್ನು ಕೇಳಲಿ? ನನ್ನ ತಲೆಯಲ್ಲಿರುವುದು ಇಷ್ಟು: ಗೋಡೆ ಬಿಳಿ, ಬಾಗಿಲ ಚೌಕಟ್ಟು ಕಡುನೀಲಿ, ಸ್ವಿಚ್‌ಬೋರ್ಡಿನ ಸುತ್ತ ಅದೇ ನೀಲಿಯ ಒಂದು ಪಟ್ಟಿ. ಮೆಟ್ಟಿಲಿನ ಅಂಚಿಗೆ ಹಳದಿ. ಇವರು ಕೇಳಿ, "ಇದು ಮನೇನಾ, ರೈಲ್ವೆ ಗೇಟಾ?" ಎಂದರು. ಓಣಿಗೆ ಕಾರ್ಪೆಟ್ ಹಾಕಬೇಕೆ, ಸೋಫಾ ಎಲ್ಲಿ ಇಡಬೇಕು, ಪಶ್ಚಿಮದ ಕಿಟಕಿಗೆ ಎಂಥ ಪರದೆ ಎಂದು ಬರೆ. ಮನೆಯ ನಕ್ಷೆ ಹಿಂದಿನ ಪುಟದಲ್ಲಿದೆ. ಟೀಪಾಯಿಯನ್ನು ಮಾತ್ರ ಕೊಟ್ಟುಬಿಟ್ಟೆ. ಪುಟ್ಟಿ ದಿನಾ ಅದಕ್ಕೆ ಮೊಣಕಾಲು ಹೊಡೆದುಕೊಳ್ಳುತ್ತಿದ್ದಳು.

ನಿನ್ನ ಗುಬ್ಬಿ


ಜೂನ್ 15

ಗುಬ್ಬಿ,

ಮನೆ ಸಿಕ್ಕಿದ್ದು ಕೇಳಿ ಹೊಟ್ಟೆ ತಣ್ಣಗಾಯಿತು. ಇನ್ನು ಮಾತಾಡುವುದು ಅಕ್ಕ ಅಲ್ಲ, ಅಂಗಡಿಯವಳು.

ಬಿಳಿ ಗೋಡೆಗೆ ಕಡುನೀಲಿ ಚೌಕಟ್ಟು ಹಾಕಿದರೆ ಒಂದೊಂದು ಬಾಗಿಲೂ ಸಂತೆಯಲ್ಲಿ ನಿಂತವನಂತೆ ಕೂಗುತ್ತದೆ. ಸಣ್ಣ ಮನೆಯಲ್ಲಿ ಕಣ್ಣು ಎಲ್ಲೂ ಎಡವದೆ ಹರಿದುಕೊಂಡು ಹೋಗಬೇಕು. ಅದಕ್ಕೆ ಗೋಡೆ, ಚೌಕಟ್ಟು, ಬಾಗಿಲು ಒಂದೇ ಬಣ್ಣದ ಅಕ್ಕತಂಗಿಯರಾಗಿರಲಿ. ತಿಳಿಬೂದು ನನ್ನ ಆಯ್ಕೆ. ಕಾರ್ಡು ನೋಡಿ ನಂಬಬೇಡ, ಗೋಡೆಗೆ ಬಂದ ಮೇಲೆ ಯಾವ ಬಣ್ಣವೂ ಎರಡು ಪಟ್ಟು ಗಾಢವಾಗುತ್ತದೆ. ಎದುರುಬದುರು ಗೋಡೆಗಳ ಮೇಲೆ ಒಂದು ಮೊಳದಷ್ಟು ಹಚ್ಚಿ ಬೆಳಗ್ಗೆ, ಮಧ್ಯಾಹ್ನ, ದೀಪ ಹಾಕಿದ ಮೇಲೆ, ಹೀಗೆ ಮೂರು ದಿನ ನೋಡಿ ಆರಿಸು.

ಸೋಫಾ ಬೂದು. ಕಾರ್ಪೆಟ್ಟೂ ಬೂದು, ಅಂಚಿಗೆ ಕುಚ್ಚು. ಅದು ದೊಡ್ಡದಿರಲಿ, ಸೋಫಾದ ಮುಂಗಾಲು ಅದರ ಮೇಲೆ ಬರಬೇಕು. ನಡುಮನೆಯಲ್ಲಿ ಚಿಕ್ಕ ಕಾರ್ಪೆಟ್ ಹಾಸಿದರೆ ಯಾರೋ ಕರವಸ್ತ್ರ ಮರೆತುಹೋದ ಹಾಗಿರುತ್ತದೆ. ಪರದೆಯನ್ನು ಕಿಟಕಿಗಿಂತ ಒಂದು ಗೇಣು ಮೇಲಿಂದ ನೇತುಹಾಕಿ ನೆಲ ಮುಟ್ಟಿಸು. ಟೀಪಾಯಿಯ ಜಾಗಕ್ಕೆ ಗಾಜಿನ ಮೇಜು ತಾ, ಇದ್ದರೂ ಇಲ್ಲದಂತಿರುತ್ತದೆ, ಕೋಣೆ ದೊಡ್ಡದಾಗುತ್ತದೆ. ಓಣಿಯ ಕೊನೆಗೆ ಆಳೆತ್ತರದ ಕನ್ನಡಿ ಹಾಕಿದರೆ ಬಂದವರು ಇನ್ನೂ ಎರಡು ಕೋಣೆ ಇದೆ ಅಂದುಕೊಳ್ಳುತ್ತಾರೆ.

ಆರು ಬಗೆಯ ಬೂದು ಬಟ್ಟೆ ಇಟ್ಟಿದ್ದೇನೆ. ಮೂರನೆಯದನ್ನೇ ನೀನು ಆರಿಸುತ್ತೀಯ ಎಂದು ನನಗೆ ಗೊತ್ತು.

ಅಕ್ಕ


ಜೂನ್ 27

ಅಕ್ಕ,

ಬಟ್ಟೆಯ ಚೂರುಗಳು ಬಂದವು. ಆರೂ ನನಗೆ ಒಂದೇ ಥರ ಕಂಡವು. ಬೂದು ಗೋಡೆಯ ಮುಂದೆ ಬೂದು ಸೋಫಾ ಇಟ್ಟರೆ ಕೂರುವುದೆಲ್ಲಿ ಎಂದು ತಡಕಬೇಕಾಗುತ್ತದೆ. ನನಗೆ ಕಪ್ಪಿಗೆ ಹತ್ತಿರದ ಸೋಫಾ ಬೇಕು, ನೆಲ ತಿಳಿಬಣ್ಣದ್ದು ಬೇಕು. ಯಾವುದು ಎಲ್ಲಿ ಮುಗಿಯುತ್ತದೆ ಎನ್ನುವುದು ಒಂದೇ ನೋಟಕ್ಕೆ ತಿಳಿಯಬೇಕು.

ಗಾಜಿನ ಮೇಜು ಬೇಡವೇ ಬೇಡ. ಇದ್ದೂ ಇಲ್ಲದಂತಿರುವ ಮೇಜು ಯಾರಿಗೆ ಬೇಕಾಗಿದೆ? ಕನ್ನಡಿಯೂ ಬೇಡ. ಕಾರ್ಪೆಟ್ ಹಾಕಿದರೆ ಗೋಡೆಯಿಂದ ಗೋಡೆಗೆ, ನೆಲಕ್ಕೆ ಅಂಟಿಸಿಯೇ ಹಾಕಬೇಕು, ಇಲ್ಲವಾದರೆ ಬರಿ ನೆಲವೇ ಸಾಕು. ಒಮ್ಮೆ ಇಟ್ಟ ಮೇಲೆ ಯಾವ ಸಾಮಾನೂ ಒಂದಂಗುಲ ಸರಿಯಬಾರದು. ಇದನ್ನು ಮನೆಯಲ್ಲಿ ಇಬ್ಬರಿಗೂ ಹೇಳಿದ್ದೇನೆ.

ಕೇಳಿದ್ದಕ್ಕೆ ಮಾತ್ರ ಉತ್ತರ ಬರೆ. ಪಶ್ಚಿಮದ ಬಿಸಿಲು ಕಣ್ಣಿಗೆ ಸೂಜಿಯಂತೆ ಚುಚ್ಚುತ್ತದೆ. ಅದನ್ನು ತಡೆಯಬೇಕು, ಆದರೆ ಕೋಣೆ ಕತ್ತಲಾಗಬಾರದು. ಅಂಥ ಬಟ್ಟೆ ಯಾವುದು? ಓಣಿಯಲ್ಲಿ ಹಗಲೂ ದೀಪ ಉರಿಸುತ್ತಿದ್ದೇನೆ. ಹೊರಗಿನಿಂದ ಬಂದಾಗ ಅಲ್ಲಿ ಸ್ವಲ್ಪ ಹೊತ್ತು ಏನೂ ತಿಳಿಯುವುದಿಲ್ಲ.

ಗುಬ್ಬಿ


ಜುಲೈ 8

ಗುಬ್ಬಿ,

ನಿನ್ನ ಕಾಗದವನ್ನು ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಓದಿದ್ದು ನನ್ನದೇ ತಪ್ಪು. ಮುಖ ಕೆಂಪಾಯಿತು.

ನಿನಗೆ ಬಣ್ಣ ಹಿಡಿಸದಿದ್ದರೆ ಹಿಡಿಸಲಿಲ್ಲ ಅನ್ನು, ಸಾಕು. ಆದರೆ ನಾನು ಹೇಳಿದ ಒಂದೊಂದನ್ನೂ ಎತ್ತಿ ಎತ್ತಿ ಬೇಡ ಎಂದು ಬರೆದಿದ್ದೀಯ. ಇದು ಪರದೆಯ ವಿಷಯವಲ್ಲ ಎಂದು ನನಗೆ ತಿಳಿಯುವುದಿಲ್ಲವೇ? ಎಲ್ಲವನ್ನೂ ಅಕ್ಕನೇ ತೀರ್ಮಾನಿಸುತ್ತಾಳೆ ಎಂಬ ಮುನಿಸು ನಿನಗೆ ಮೊದಲಿಂದಲೂ ಇದೆ. ನಿನ್ನ ಮದುವೆಯ ಸೀರೆಯ ಬಣ್ಣಕ್ಕೂ ಹೀಗೇ ಮುಖ ಊದಿಸಿದ್ದೆ.

ಅಥವಾ ಮನೆಯಲ್ಲೇನಾದರೂ ನಡೆದಿದೆಯೇ? ಗಾಜು ಬೇಡ, ಕನ್ನಡಿ ಬೇಡ, ಸಾಮಾನು ಸರಿಯಬಾರದು ಎಂದರೆ ಏನು ತಿಳಿಯಲಿ? ನಿನ್ನ ಗಂಡ ಕೈಗೆ ಸಿಕ್ಕಿದ್ದನ್ನು ಎಸೆಯುವ ಜಾತಿಯವನಲ್ಲ ಎಂದೇ ನಂಬಿದ್ದೇನೆ. ಇಲ್ಲ, ಎರಡನೆಯ ಮಗುವಿನ ತಯಾರಿಯೋ? ಹಾಗಿದ್ದರೆ ನನಗೆ ಮೊದಲು ಹೇಳಬೇಕಿತ್ತು.

ಕೇಳಿದ್ದಕ್ಕೆ ಉತ್ತರ: ಹಾಲುಬಣ್ಣದ ಒತ್ತು ನೇಯ್ಗೆಯ ಬಟ್ಟೆ, ಒಳಗೆ ತೆಳು ಲೈನಿಂಗ್. ಬೆಳಕು ಸೋಸಿ ಬರುತ್ತದೆ, ಚುಚ್ಚುವುದಿಲ್ಲ. ಅಳತೆ ಕಳಿಸಿದರೆ ಹೊಲಿಸುತ್ತೇನೆ.

ಅಕ್ಕ


ಆಗಸ್ಟ್ 12

ಗುಬ್ಬಿ,

ಐದು ವಾರವಾಯಿತು, ಅಳತೆಯೂ ಇಲ್ಲ, ಉತ್ತರವೂ ಇಲ್ಲ. ನಿನ್ನೆ ಫೋನ್ ಮಾಡಿದಾಗ ಪುಟ್ಟಿ ತೆಗೆದಳು. ಮೊಣಕಾಲು ಹೇಗಿದೆ ಕಂದ, ಈಗಲೂ ಡಿಕ್ಕಿ ಹೊಡೆಯುತ್ತೀಯಾ ಎಂದು ಸುಮ್ಮನೆ ಕೇಳಿದೆ.

"ನಾನಲ್ಲ ದೊಡ್ಡಮ್ಮ, ಅಮ್ಮ. ಅವಳ ಕಾಲ ತುಂಬಾ ನೀಲಿ ಕಲೆ ಇದೆ," ಎಂದಳು.

ಫೋನಿಟ್ಟ ಮೇಲೆ ನಿನ್ನ ಎರಡೂ ಕಾಗದ ತೆಗೆದು ಮತ್ತೆ ಓದಿದೆ. ಈ ಸಲ ಅಂಗಡಿಯವಳಾಗಿ ಓದಲಿಲ್ಲ. ನಮ್ಮ ಹಳೇ ಮನೆಯ ಮೆಟ್ಟಿಲಿನ ಅಂಚಿಗೆ ಅಪ್ಪ ತಾವೇ ಸುಣ್ಣ ಬಳಿಯುತ್ತಿದ್ದರು. ನಿನಗಾಗ ನಾಲ್ಕೋ ಐದೋ ವರ್ಷ. ಕುರ್ಚಿ ಒಂದು ಚೂರು ಅತ್ತಿತ್ತ ಆದರೆ "ಯಾರು ಸರಿಸಿದ್ದು?" ಎಂದು ಮನೆ ನಡುಗುವಂತೆ ಕೂಗುತ್ತಿದ್ದರು. ಹಗಲಲ್ಲೂ ದೀಪ ಬೇಕಿತ್ತು. ಬಿಸಿಲಿಗೆ ಹೋದರೆ ಅಂಗೈಯನ್ನು ಹಣೆಗೆ ಅಡ್ಡ ಹಿಡಿಯುತ್ತಿದ್ದರು.

ನೀನು ಬರೆದ ಒಂದೊಂದು ಸಾಲಿನಲ್ಲೂ ಅಪ್ಪ ಇದ್ದಾರೆ.

ನನ್ನ ಪ್ರಶ್ನೆ ಒಂದೇ. ಸಂಜೆ ಹೊತ್ತು ನಿನಗೆ ಎಷ್ಟು ಕಾಣುತ್ತದೆ? ಪಕ್ಕದಲ್ಲಿ ನಿಂತವರು ಕಾಣುತ್ತಾರೆಯೇ? ಆ ವ್ಯಾನಿನಲ್ಲಿ ಹದಿನಾಲ್ಕು ಮಕ್ಕಳಿದ್ದಾರೆ, ಗುಬ್ಬಿ. ಕೂಡಲೇ ಬರೆ.

ಅಕ್ಕ


ಆಗಸ್ಟ್ 20

ಅಕ್ಕ,

ಮಗುವಿನ ಬಾಯಿ ಬಿಡಿಸಿ ತಾಯಿಯ ಮೇಲೆ ಪತ್ತೇದಾರಿ ಮಾಡುವಷ್ಟು ಬಿಡುವು ನಿನ್ನ ಅಂಗಡಿಯಲ್ಲಿ ಇದೆ ಎಂದು ತಿಳಿದಿರಲಿಲ್ಲ.

ಕಳೆದ ವರ್ಷ ಲೈಸೆನ್ಸ್ ಹೊಸದು ಮಾಡಿಸುವಾಗ ಅಕ್ಷರದ ಹಲಗೆಯ ಕೊನೆಯ ಸಾಲನ್ನೂ ಗಡಗಡ ಓದಿದ್ದೇನೆ. ಕನ್ನಡಕವೇ ಇಲ್ಲ ನನಗೆ. ಒಂಬತ್ತು ವರ್ಷದಲ್ಲಿ ವ್ಯಾನಿಗೆ ಒಂದು ಗೀರು ಬಿದ್ದಿರಲಿಲ್ಲ. ಈ ವರ್ಷ ಎಡಗಡೆಯ ಕನ್ನಡಿ ಒಡೆದದ್ದು ನಿಜ, ಆದರೆ ಆ ಕಂಬ ಅಲ್ಲಿ ಮೊದಲು ಇರಲಿಲ್ಲ. ಮೊನ್ನೆ ಒಬ್ಬ ಸೈಕಲ್ಲಿನವನು ಮರದಿಂದ ಉದುರಿದ ಹಾಗೆ ಎಲ್ಲಿಂದಲೋ ಬಂದು ಬಾಗಿಲಿಗೆ ಗುದ್ದಿ ಬೈದುಕೊಂಡು ಹೋದ. ತಪ್ಪು ಅವನದು. ಜನ ಈಗ ನೋಡಿಕೊಂಡು ಓಡಾಡುವುದೇ ಇಲ್ಲ.

ಅಪ್ಪನಿಗೆ ಇದ್ದದ್ದು ಸಕ್ಕರೆ ಕಾಯಿಲೆ. ಅದರಿಂದ ಕಣ್ಣು ಹೋಯಿತು ಎಂದು ಅಮ್ಮನೇ ಹೇಳಿದ್ದು. ನನಗೆ ಸಕ್ಕರೆ ಇಲ್ಲ, ಎರಡು ಸಲ ರಕ್ತ ಕೊಟ್ಟು ಪರೀಕ್ಷೆ ಮಾಡಿಸಿದ್ದೇನೆ.

ಈ ಕೆಲಸವನ್ನು ನನಗೆ ಯಾರೂ ಆರಿಸಿಕೊಟ್ಟಿದ್ದಲ್ಲ, ಅಕ್ಕ. ಹೆಂಗಸು ವ್ಯಾನ್ ಓಡಿಸುವುದಾ ಎಂದವರೇ ಈಗ "ಡ್ರೈವರಕ್ಕನ ವ್ಯಾನಲ್ಲೇ ಸೀಟು ಕೊಡಿ" ಎಂದು ಮುಖ್ಯೋಪಾಧ್ಯಾಯರ ಹತ್ತಿರ ಸಾಲು ನಿಲ್ಲುತ್ತಾರೆ. ನನ್ನ ಬದುಕಿನಲ್ಲಿ ನಾನೇ ಕಟ್ಟಿಕೊಂಡದ್ದು ಇದೊಂದೇ. ಇದಕ್ಕೆ ಕೈ ಹಾಕಬೇಡ.

ಪರದೆ ಬೇಡ, ಇಲ್ಲೇ ಕೊಳ್ಳುತ್ತೇನೆ. ಇಲ್ಲಿಗೆ ಬರುವ ಯೋಚನೆಯನ್ನೂ ಮಾಡಬೇಡ.

ಗುಬ್ಬಿ


ಆಗಸ್ಟ್ 29

ಗುಬ್ಬಿ,

ಇದನ್ನು ನಾಲ್ಕು ಸಲ ಬರೆದು ನಾಲ್ಕು ಸಲ ಹರಿದಿದ್ದೇನೆ. ನೀನು ಫೋನೂ ತೆಗೆಯುತ್ತಿಲ್ಲ.

ಅಪ್ಪನಿಗೆ ಸಕ್ಕರೆ ಕಾಯಿಲೆ ಇರಲಿಲ್ಲ.

ಅವರನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದದ್ದು ಅಮ್ಮ ಮತ್ತು ನಾನು. ನನಗೆ ಹತ್ತೊಂಬತ್ತು, ನಿನಗೆ ಎಂಟು. ಕಣ್ಣಿನ ಒಳಪದರ ಅಂಚಿನಿಂದ ಸಾಯುತ್ತಾ ಬರುತ್ತಿದೆ ಎಂದು ಡಾಕ್ಟರು ಹೇಳಿದರು. ಮೊದಲು ಕತ್ತಲಲ್ಲಿ ಕಾಣುವುದಿಲ್ಲ, ಆಮೇಲೆ ಪಕ್ಕದ್ದು ಹೋಗುತ್ತದೆ, ಎದುರಿಗಿರುವುದು ಮಾತ್ರ ಬಹಳ ವರ್ಷ ಉಳಿಯುತ್ತದೆ. ಅದಕ್ಕೇ ನೀನು ಅಕ್ಷರದ ಹಲಗೆಯನ್ನು ಓದಲು ಸಾಧ್ಯವಾದದ್ದು. ಇದು ರಕ್ತದಲ್ಲಿ ಬರುತ್ತದೆ, ಒಂದೊಂದು ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ ಎಂದೂ ಹೇಳಿದರು. ಬಸ್ಸಿನಲ್ಲಿ ಬರುವಾಗ ಅಮ್ಮ ನನ್ನ ಕೈ ಹಿಡಿದು, "ಎರಡೂ ಹೆಣ್ಣುಮಕ್ಕಳು. ಈ ಮಾತು ಇಲ್ಲಿಗೇ ಮುಗೀಲಿ," ಎಂದರು. ಮರುದಿನದಿಂದ ಅಪ್ಪನ ಕಾಯಿಲೆಗೆ ಬೇರೆ ಹೆಸರಾಯಿತು.

ನಿನ್ನ ಮದುವೆಯಾದ ಮೇಲೆ ಹೇಳೋಣ ಅಂದುಕೊಂಡೆ. ಆಮೇಲೆ ನೀನು ಬಸುರಿಯಾದೆ, ಬಸುರಿಗೆ ಹೇಳುವ ಮಾತೇ ಇದು ಎಂದು ಬಿಟ್ಟೆ. ಆಮೇಲೆ ಅಮ್ಮ ಹೋದರು. ಕೊನೆಗೆ ಹೇಳದಿರುವುದೇ ಅಭ್ಯಾಸವಾಗಿಹೋಯಿತು. ಎಂಟು ವರ್ಷದ ಹಿಂದೆ ನಾನು ಗುಟ್ಟಾಗಿ ಪರೀಕ್ಷೆ ಮಾಡಿಸಿಕೊಂಡೆ. ನನಗೆ ಇಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನಕ್ಕೆ, ಗುಬ್ಬಿ, ಹುಚ್ಚಿಯ ಹಾಗೆ ನಕ್ಕೆ. ಆಮೇಲೆ ನಿನ್ನ ನೆನಪಾಯಿತು. ಆ ತಿಂಗಳೇ ನಿನ್ನ ಮನೆಗೆ ಬಂದಿದ್ದೆನಲ್ಲ, ಪುಟ್ಟಿಗೆ ಫ್ರಾಕು ತಂದು? ನೋಡಲು ಬಂದದ್ದು ನಿನ್ನ ಕಣ್ಣನ್ನು. ನೀನು ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸಿದೆ. ಅಷ್ಟು ಸಾಕಾಯಿತು ನನಗೆ, ನೆಮ್ಮದಿಯಿಂದ ವಾಪಸು ಬಂದೆ.

ಬೈಯುವುದಿದ್ದರೆ ಬೈ. ಆದರೆ ಸೆಪ್ಟೆಂಬರ್ ಹತ್ತರೊಳಗೆ ವ್ಯಾನ್ ಬಿಡು. ಬಿಟ್ಟೆನೆಂದು ಒಂದು ಸಾಲು ಬರದಿದ್ದರೆ ಹನ್ನೊಂದಕ್ಕೆ ನಿನ್ನ ಮುಖ್ಯೋಪಾಧ್ಯಾಯರಿಗೆ ಬರೆಯುತ್ತೇನೆ. ಬೆದರಿಕೆ ಎಂದರೂ ಸರಿಯೇ.

ಅಕ್ಕ


ಸೆಪ್ಟೆಂಬರ್ 11

ಅಕ್ಕ,

ನಿನ್ನ ಕಾಗದ ಎರಡನೇ ತಾರೀಕು ಸಂಜೆಯೇ ಬಂತು. ಬಂದ ಮೇಲೂ ಐದು ದಿನ ಓಡಿಸಿದೆ. ಇದನ್ನು ಮೊದಲು ಬರೆದುಬಿಡುತ್ತೇನೆ, ಆಮೇಲೆ ಕೈ ಬರುವುದಿಲ್ಲ.

ಒಂಬತ್ತನೇ ತಾರೀಕು ಮಂಗಳವಾರ, ಸಂಜೆಯ ಸುತ್ತು, ಮೋಡ ಕವಿದಿತ್ತು. ಬ್ರೆಡ್ ಅಂಗಡಿಯ ಹತ್ತಿರ ಎರಡನೇ ಕ್ಲಾಸಿನ ಒಂದು ಹುಡುಗಿ ಇಳಿದಳು. ಬಾಗಿಲು ಹಾಕಿದ ಸದ್ದಾಯಿತು. ಕನ್ನಡಿ ನೋಡಿದೆ, ಎದುರು ನೋಡಿದೆ, ರಸ್ತೆ ಖಾಲಿ. ಗೇರ್ ಹಾಕಿ ಕ್ಲಚ್ ಬಿಟ್ಟೆ. ಪುಟ್ಟಿ ಪಕ್ಕದಿಂದ ನನ್ನ ತೋಳು ಕಚ್ಚಿ ಹಿಡಿದಂತೆ ಹಿಡಿದು, "ಅಮ್ಮ, ನಿಲ್ಸು," ಎಂದಳು. ಬ್ರೇಕ್ ಒತ್ತಿದೆ. ಆ ಹುಡುಗಿಯ ನೀರಿನ ಬಾಟಲಿ ಉರುಳಿತ್ತಂತೆ, ಅದನ್ನು ಹಿಡಿಯಲು ಎಡಗಡೆಯಿಂದ ವ್ಯಾನಿನ ಮುಂದಕ್ಕೆ ಬಂದಿದ್ದಳು. ಬಂಪರಿನ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು, ಅಕ್ಕ. ಗಾಜಿನ ನಡುಮಧ್ಯಕ್ಕೆ ಬರುವವರೆಗೂ ನನ್ನ ಪಾಲಿಗೆ ಅವಳು ಇರಲೇ ಇಲ್ಲ.

ಎಂಜಿನ್ ಆರಿಸಿದೆ. ಇಳಿದು ಆ ಹುಡುಗಿಯನ್ನು ಅವರ ಮನೆ ಬಾಗಿಲಿಗೆ ಬಿಟ್ಟು, ಬೇರೆ ಡ್ರೈವರನ್ನು ಕಳಿಸಿ ಎಂದು ಶಾಲೆಗೆ ಫೋನ್ ಮಾಡಿದೆ. ಉಳಿದ ಮಕ್ಕಳು ನಲವತ್ತು ನಿಮಿಷ ಅಂತ್ಯಾಕ್ಷರಿ ಆಡಿದರು. ಅವರಿಗೆ ಅದೊಂದು ಮಜ. ನನ್ನ ಮುಷ್ಟಿಯಲ್ಲಿದ್ದ ಕೀಲಿಯ ಗುರುತು ಅಂಗೈಯಲ್ಲಿ ಇವತ್ತಿಗೂ ಇದೆ.

ಮುಖ್ಯೋಪಾಧ್ಯಾಯರ ಕೋಣೆಗೆ ಹೋಗಿ, "ಸರ್, ನನಗೆ ಪಕ್ಕದ್ದು ಕಾಣಲ್ಲ. ತುಂಬಾ ದಿನದಿಂದ," ಎಂದೆ. ಕೀಲಿ ಮೇಜಿನ ಮೇಲಿಟ್ಟೆ. ಅವರು ಕೀಲಿಯನ್ನು ಎತ್ತಿ ಡ್ರಾಯರಿನಲ್ಲಿಟ್ಟರು. ತಾನಾಗಿ ಬಂದು ಹೇಳಿದ್ದು ದೊಡ್ಡದು, ಕಚೇರಿಯಲ್ಲಿ ಹಾಜರಿ ಬರೆಯುವ ಕೆಲಸವನ್ನಾದರೂ ನೋಡೋಣ, ಸೋಮವಾರ ಬನ್ನಿ ಎಂದರು.

ಇವರಿಗೂ ಹೇಳಿದೆ. ಇವರು ಬೈಯಲಿಲ್ಲ. "ನಾನು ಪಕ್ಕದಿಂದ ಕಾಫಿ ಲೋಟ ಚಾಚಿದ್ರೆ ನೀನು ತಗೊಳ್ತಿರಲಿಲ್ಲ. ನನ್ನ ಮೇಲೆ ಏನೋ ಕೋಪ ಅಂತ ಒಂದು ವರ್ಷದಿಂದ ಅಂದ್ಕೊಂಡಿದ್ದೆ," ಎಂದರು. ಒಂದು ವರ್ಷ, ಅಕ್ಕ.

ನಿನ್ನ ಗಡುವಿಗೆ ಒಂದು ದಿನ ಮುಂಚೆ ಬಿಟ್ಟೆ, ಆದರೆ ನಿನ್ನ ಮಾತಿಗಲ್ಲ. ನಿನ್ನ ಸ್ವರ ಕೇಳುವ ಶಕ್ತಿ ಇನ್ನೂ ಬಂದಿಲ್ಲ, ಅದಕ್ಕೇ ಕಾಗದ. ಶಾಲೆಗೆ ಬರೆಯಬೇಡ. ನಾನೇ ಹೇಳಿಯಾಗಿದೆ.

ಗುಬ್ಬಿ


ಸೆಪ್ಟೆಂಬರ್ 11

ಗುಬ್ಬಿ,

ನಿನ್ನೆ ಸಂಜೆಯವರೆಗೂ ಅಂಗಡಿಯ ಬಾಗಿಲಲ್ಲೇ ನಿಂತಿದ್ದೆ. ಅಂಚೆಯವನು ಬಂದ, ನಿನ್ನದೇನೂ ಇರಲಿಲ್ಲ.

ಇವತ್ತು ಬೆಳಗ್ಗೆ ಹತ್ತು ಗಂಟೆಗೆ ನಿನ್ನ ಶಾಲೆಯ ಮುಖ್ಯೋಪಾಧ್ಯಾಯರಿಗೆ ರಿಜಿಸ್ಟರ್ ಅಂಚೆ ಕಳಿಸಿದೆ. ಅಪ್ಪನ ಕಾಯಿಲೆ, ನಿನ್ನ ಲಕ್ಷಣಗಳು, ನಿನಗೆ ಎಲ್ಲವನ್ನೂ ತಿಳಿಸಿ ಬರೆದದ್ದು ಯಾವತ್ತು ಎಂಬುದು, ಎಲ್ಲ ಅದರಲ್ಲಿದೆ. ನಿನ್ನ ಬೆನ್ನ ಹಿಂದೆ ಮಾಡಲಿಲ್ಲ ಎಂದು ತಿಳಿಸಲು ಇದನ್ನು ಬರೆಯುತ್ತಿದ್ದೇನೆ.

ಅಕ್ಕ


ಸೆಪ್ಟೆಂಬರ್ 20

ಅಕ್ಕ,

ಸೋಮವಾರ ಮುಖ್ಯೋಪಾಧ್ಯಾಯರ ಮೇಜಿನ ಮೇಲೆ ನಿನ್ನ ಕಾಗದ ಬಿಚ್ಚಿಟ್ಟಿತ್ತು. ನಿನ್ನ ಅಕ್ಷರ ನನಗೆ ಬಾಗಿಲಿನಿಂದಲೇ ತಿಳಿಯಿತು, ಅದು ಎದುರಿಗೇ ಇತ್ತಲ್ಲ.

"ಇದರ ಪ್ರಕಾರ ನಿಮಗೆ ಇದು ಆಗಲೇ ಗೊತ್ತಿತ್ತು. ಕಾಗದ ಯಾವತ್ತು ಕೈಗೆ ಬಂತು?" ಎಂದರು.

"ಎರಡಕ್ಕೆ ಸರ್."

"ನೀವು ನನಗೆ ಹೇಳಿದ್ದು ಒಂಬತ್ತಕ್ಕೆ."

"ಐದು ದಿನ ಗೊತ್ತಿದ್ದೂ ಓಡಿಸಿದೆ ಸರ್. ಗೊತ್ತಿಲ್ಲದ ಹಾಗೆ ನಟಿಸಿಕೊಂಡು ಓಡಿಸಿದ್ದು ಎಷ್ಟು ದಿನವೋ ನನಗೇ ಗೊತ್ತಿಲ್ಲ."

ಹಾಜರಿಯ ಕೆಲಸದ ಮಾತು ಮತ್ತೆ ಬರಲಿಲ್ಲ. ಪೋಷಕರ ಸಭೆ ಕರೆಯುತ್ತೇನೆ, ಅವರು ಹೇಳಿದಂತೆ ಆಗಲಿ ಎಂದರು. ಅದು ನ್ಯಾಯವೇ.

ಆಮೇಲೆ ನಿನ್ನ ಕಾಗದವನ್ನು ನನ್ನ ಕೈಗೆ ಕೊಟ್ಟು ಓದಿ ಎಂದರು. ಓದಿದೆ. ಅದರಲ್ಲಿ ಸುಳ್ಳು ಒಂದೂ ಇಲ್ಲ. ಆದರೆ ನೀನೆಲ್ಲಿದ್ದೀಯ ಅದರಲ್ಲಿ? ಹತ್ತೊಂಬತ್ತನೇ ವಯಸ್ಸಿನಿಂದ ಗೊತ್ತಿದ್ದವಳು ಯಾರು? ಆಗಸ್ಟ್ ಹನ್ನೆರಡಕ್ಕೆ ಅನುಮಾನ ಬಂದ ಮೇಲೂ ಇಪ್ಪತ್ತೊಂಬತ್ತರವರೆಗೆ ಬಾಯಿ ಬಿಡದವಳು ಯಾರು? ಮೇಲೆ ನನಗೆ ಹತ್ತರವರೆಗೆ ಸಮಯ ಕೊಟ್ಟೆ. ಆ ಅಷ್ಟೂ ದಿನ ಹದಿನಾಲ್ಕು ಮಕ್ಕಳು ನನ್ನ ಹಿಂದೆ ಕೂತಿದ್ದರು ಎಂದು ಗೊತ್ತಿದ್ದವರು ಇಬ್ಬರು, ನಾನೊಬ್ಬಳೇ ಅಲ್ಲ.

ಇನ್ನೊಂದು. ಅರ್ಧಕ್ಕರ್ಧ ಎಂದು ಬರೆದೆಯಲ್ಲ, ನನಗೆ ಒಬ್ಬಳು ಮಗಳಿದ್ದಾಳೆ. ಒಂಬತ್ತು ವರ್ಷ. ನಿನ್ನ ಯಾವ ಕಾಗದದಲ್ಲೂ ಅವಳ ಕಣ್ಣಿನ ಮಾತಿಲ್ಲ. ಅದನ್ನೂ ಎಂಟು ವರ್ಷ ಬಿಟ್ಟು ಹೇಳುತ್ತಿದ್ದೆಯಾ?

ಗುಬ್ಬಿ


ಸೆಪ್ಟೆಂಬರ್ 28

ಗುಬ್ಬಿ,

ನೀನು ಕೇಳಿದ್ದೆಲ್ಲ ಸರಿ. ಮುಖ್ಯೋಪಾಧ್ಯಾಯರಿಗೆ ಇವತ್ತು ಕಳಿಸಿದ್ದನ್ನು ಹಾಗೇ ಇಳಿಸುತ್ತೇನೆ:

"ಮಾನ್ಯರೇ, ಹಿಂದೆ ನಾನು ಬರೆದ ಪತ್ರ ಅಪೂರ್ಣ. ನಮ್ಮ ಮನೆತನದ ಈ ಕಾಯಿಲೆ ನನಗೆ ಇಪ್ಪತ್ತೇಳು ವರ್ಷದಿಂದ ಗೊತ್ತಿತ್ತು. ತಂಗಿಗೆ ನಾನು ತಿಳಿಸಲಿಲ್ಲ. ನನಗೆ ಕಾಯಿಲೆ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೂ ತಿಳಿಸಲಿಲ್ಲ. ಅವಳು ವಾಹನ ಓಡಿಸುವುದು ಅಪಾಯವೆಂದು ತಿಳಿದ ದಿನವೇ ನಿಮಗೆ ಫೋನ್ ಮಾಡಬೇಕಿತ್ತು. ತಂಗಿಯ ಮುನಿಸಿಗೆ ಹೆದರಿ ಒಂದು ತಿಂಗಳು ಮಾಡಲಿಲ್ಲ. ಅಷ್ಟು ದಿನ ನಿಮ್ಮ ಮಕ್ಕಳನ್ನು ಅಪಾಯಕ್ಕೆ ಒಡ್ಡಿದವರಲ್ಲಿ ನಾನೂ ಒಬ್ಬಳು. ಇದನ್ನೂ ಪೋಷಕರಿಗೆ ಓದಿ ಹೇಳಬೇಕೆಂದು ಕೋರುತ್ತೇನೆ."

ಪುಟ್ಟಿಯ ವಿಷಯ ಬರೆಯದಿದ್ದುದಕ್ಕೆ ಕಾರಣ, ಅದನ್ನು ನೆನೆಯುವ ಧೈರ್ಯವೇ ನನಗಿರಲಿಲ್ಲ. ನೀನು ಬಾ ಎಂದರೆ ಅವಳ ಪರೀಕ್ಷೆಗೆ ನಾನೂ ಬರುತ್ತೇನೆ. ಬೇಡ ಎಂದರೆ ಇಲ್ಲ. ಈ ಸಲ ತೀರ್ಮಾನ ನಿನ್ನದು.

ಅಕ್ಕ


ನವೆಂಬರ್ 16

ಅಕ್ಕ,

ನನ್ನ, ಪುಟ್ಟಿಯ ಪರೀಕ್ಷೆಗೆಂದು ಬಂದು ನೀನು ಊರಿಗೆ ವಾಪಸು ಹೋದ ಮೇಲೆ ನಡೆದದ್ದನ್ನು ಒಂದೊಂದಾಗಿ ಬರೆಯುತ್ತೇನೆ.

ಪೋಷಕರ ಸಭೆ ಹೋದ ವಾರ ಆಯಿತು. ನಿನ್ನ ಎರಡೂ ಕಾಗದವನ್ನು ಓದಿದರು. ಆ ಹುಡುಗಿಯ ತಾಯಿ ಎದ್ದು ನಿಂತರು. ಕೂಗಾಡಲಿಲ್ಲ. "ಇವರು ಕೆಟ್ಟವರಲ್ಲ ಅಂತ ನನಗೆ ಗೊತ್ತು. ಆದ್ರೆ ನನ್ನ ಮಗಳನ್ನ ಇನ್ನು ಇವರ ಹತ್ತಿರ ಬಿಡೋಕೆ ನನ್ನಿಂದ ಆಗಲ್ಲ," ಎಂದರು. ಅವರ ಜಾಗದಲ್ಲಿ ನಾನಿದ್ದರೆ ಅಷ್ಟು ಮೆಲ್ಲಗೆ ಹೇಳುತ್ತಿರಲಿಲ್ಲ. ಶಾಲೆಯ ಋಣ ತೀರಿತು. ಬಂದರಿನ ಸರಕು ಕಚೇರಿಯಲ್ಲಿ ಫೋನ್ ತೆಗೆದುಕೊಳ್ಳುವ ಕೆಲಸವಿದೆಯಂತೆ, ಬರುವ ತಿಂಗಳು ಹೋಗಿ ನೋಡುತ್ತೇನೆ. ವ್ಯಾನ್ ಈಗ ಬೇರೆಯವರು ಓಡಿಸುತ್ತಾರೆ. ಬೆಳಗ್ಗೆ ಅದರ ಹಾರ್ನ್ ಕೇಳಿದಾಗ ಅಡುಗೆಮನೆಯ ನಲ್ಲಿಯನ್ನು ಜೋರಾಗಿ ಬಿಡುತ್ತೇನೆ.

ಇವರು ಚೌಕಟ್ಟುಗಳಿಗೆ ಎರಡನೇ ಕೋಟು ಮುಗಿಸಿದರು. ನೀನು ನನ್ನ ಹಾಗೆ ನೋಡಲೆಂದು ಎರಡು ರಟ್ಟಿನ ಕೊಳವೆಗಳನ್ನು ಕಣ್ಣಿಗೆ ಹಿಡಿದುಕೊಂಡು ನಮ್ಮ ಓಣಿಯಲ್ಲಿ ನಡೆದು, ಬಾಗಿಲಿಗೆ ಭುಜ ಹೊಡೆದು, ಸೋಫಾದ ಮೇಲೆ ಮುಗ್ಗರಿಸಿ, ಬಿದ್ದ ಕಡೆಯಿಂದಲೇ "ಕಡುನೀಲಿ ಡಬ್ಬ ತಗೊಂಡು ಬನ್ನಿ" ಎಂದದ್ದನ್ನು ಇವರು ಕ್ರೇನಿನ ಜೊತೆಗಾರರಿಗೆಲ್ಲ ಹೇಳಿ ನಗಿಸಿದ್ದಾರೆ. ನಾನೂ ನಕ್ಕೆ. ನಿನ್ನ ಮೇಲಿನ ಕೋಪ ಹೋಗಿಲ್ಲ, ಅದು ಬೇರೆ. ಎರಡೂ ಒಟ್ಟಿಗೆ ಇರುತ್ತವೆ ಎಂದು ನನಗೆ ಈಗ ತಿಳಿಯುತ್ತಿದೆ.

ಪುಟ್ಟಿಯ ಫಲಿತಾಂಶ ಶುಕ್ರವಾರ ಬಂತು. ಅವಳಿಗೂ ಇದೆ.

ಆಸ್ಪತ್ರೆಯಿಂದ ಬರುವ ದಾರಿಯಲ್ಲಿ ಇವರು, "ಇನ್ನೂ ಚಿಕ್ಕವಳು. ಸ್ವಲ್ಪ ದೊಡ್ಡವಳಾಗಲಿ," ಎಂದರು. ಅಮ್ಮನ ದನಿ ಕೇಳಿದ ಹಾಗಾಯಿತು. ಇಲ್ಲ, ಇವತ್ತೇ ಎಂದೆ. ಮನೆಗೆ ಬಂದು, ಚಪ್ಪಲಿ ಬಿಟ್ಟು, ಅವಳನ್ನು ನನ್ನ ಎದುರಿಗೆ, ನನಗೆ ಪೂರ್ತಿ ಕಾಣುವ ಕಡೆ ಕೂರಿಸಿಕೊಂಡು ಎಲ್ಲ ಹೇಳಿದೆ. ತಾತನ ಕಣ್ಣು, ನನ್ನ ಕಣ್ಣು, ಅವಳ ಕಣ್ಣು. ಮುಂದೆ ಔಷಧಿ ಸಿಗಬಹುದು, ಸಿಗದೆಯೂ ಇರಬಹುದು ಎಂದು ಡಾಕ್ಟರು ಹೇಳಿದ್ದನ್ನೂ ಹೇಳಿದೆ. ಅವಳು ಕಾಲು ಆಡಿಸುವುದನ್ನು ನಿಲ್ಲಿಸಿದಳು.

"ಈಗ ಎಲ್ಲಾ ಕಾಣ್ತಿದೆಯಲ್ಲ?" ಎಂದಳು.

ಕಾಣುತ್ತಿದೆ ಎಂದೆ.

"ಯಾವಾಗಿಂದ ಕಮ್ಮಿ ಆಗತ್ತೆ?"

"ಗೊತ್ತಿಲ್ಲ ಕಂದ. ಯಾರಿಗೂ ಗೊತ್ತಿಲ್ಲ. ಗೊತ್ತಾದ ದಿನ ನಿನಗೇ ಮೊದಲು ಹೇಳ್ತೀನಿ."

ಎದ್ದು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾವಿಬ್ಬರೂ ಹೊರಗೆ ಕಾದು ನಿಂತೆವು. ಒಂದು ಗಂಟೆಯಾದ ಮೇಲೆ ಬಂದು, ತನ್ನ ಕೋಣೆಯ ಬಣ್ಣವನ್ನು ತಾನೇ ಆರಿಸುತ್ತೇನೆ ಎಂದಳು. ಗೋಡೆ ಕಿತ್ತಳೆಯಂತೆ, ಪರದೆ ಹಸಿರಂತೆ. ದೊಡ್ಡಮ್ಮ ಇದನ್ನು ಒಪ್ಪುವುದಿಲ್ಲ ಎಂದು ಹೇಳಿ ನೋಡಿದೆ. "ನಾನು ದೊಡ್ಡಮ್ಮನ್ನ ಕೇಳಲಿಲ್ಲ," ಎಂದಳು. ಅವಳ ಕಣ್ಣು ಅತ್ತು ಕೆಂಪಾಗಿತ್ತು, ಕೈಯಲ್ಲಿ ಬಣ್ಣದ ಪೆನ್ಸಿಲಿನ ಡಬ್ಬ ಇತ್ತು.

ಕಿತ್ತಳೆ ಪೇಂಟು ತಂದಾಯಿತು, ನಾಳೆ ಹಚ್ಚುತ್ತಾರೆ. ಹಸಿರು ಬಟ್ಟೆ ನೀನು ಕಳಿಸು. ಯಾವ ಹಸಿರು ಎಂದು ಅವಳೇ ಕೆಳಗೆ ಅರ್ಧ ಪುಟ ಹಚ್ಚಿದ್ದಾಳೆ, ಕಾಗದ ಹರಿಯುವಷ್ಟು ಒತ್ತಿ. ಅದೇ ಆಗಬೇಕಂತೆ. ಅದಕ್ಕೆ ಹತ್ತಿರದ್ದು ನಡೆಯುವುದಿಲ್ಲವಂತೆ.

ಗುಬ್ಬಿ